ಮಡಕೆಯ ಚೂರಿನಲ್ಲಿ ಉಳಿದ ಹೆಸರುಗಳು

ಮನೆಯ ಪಾತ್ರೆಗಳ ಮೇಲೆ ಹೆಸರು ಹಾಕಿಸುವ ಪದ್ಧತಿಯನ್ನು ವಾಚಕರೆಲ್ಲರೂ ಬಲ್ಲರು. ಮದುವೆಯಲ್ಲಿ ಬಂದ ತಟ್ಟೆ, ತಂಬಿಗೆ, ಕೊಡಗಳ ಮೇಲೆ ಕೊಟ್ಟವರ ಹೆಸರನ್ನೋ ಪಡೆದವರ ಹೆಸರನ್ನೋ ಚುಕ್ಕೆ ಚುಕ್ಕೆಯಾಗಿ ಕೊರೆಯಿಸಿರುತ್ತಾರೆ. ಹಬ್ಬಹರಿದಿನಗಳಲ್ಲಿ ನೆರೆಮನೆಗೆ ಹೋದ ಪಾತ್ರೆ ತಪ್ಪದೆ ಮರಳಿ ಬರಲೆಂಬುದೇ ಅದರ ಉದ್ದೇಶ. ಆದರೆ ಐವತ್ತು ಅರವತ್ತು ವರ್ಷಗಳು ಕಳೆದ ಮೇಲೆ ಅದೇ ಅಕ್ಷರಗಳು ಬೇರೊಂದು ಕೆಲಸವನ್ನು ಮಾಡುತ್ತವೆ. ಯಾವ ಕಾಗದಪತ್ರದಲ್ಲಿಯೂ ಕಾಣದ ಒಬ್ಬ ಮುತ್ತಜ್ಜಿಯ ಹೆಸರು ಆ ತಂಬಿಗೆಯ ಮೇಲೆ ಮಾತ್ರ ಉಳಿದಿರುತ್ತದೆ. ಹೆಸರು ಕೊರೆಯಿಸಿದವರು ಅದನ್ನು ಮುಂದಿನವರಿಗಾಗಿ ಬರೆಯಿಸಿದವರಲ್ಲ. ಆದರೂ ಅದು ಮುಂದಿನವರಿಗೆ ತಲುಪಿತು.

ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಯುರೋಪ ಖಂಡದ ಒಂದು ಪ್ರಾಚೀನ ಜನಾಂಗದ ವಿಚಾರವನ್ನು ಈ ತಿಂಗಳು ಅವಲೋಕಿಸೋಣ. ಅವರು ಕೆಲ್ಟ್ ಜನರು. ಅವರಲ್ಲಿ ಅನೇಕರ ಹೆಸರುಗಳು ಇಂದು ನಮಗೆ ದೊರೆತಿರುವುದು ಗ್ರಂಥಗಳಿಂದಲ್ಲ, ಮಣ್ಣಿನ ಬಟ್ಟಲು ತಟ್ಟೆಗಳ ಮೇಲೆ ಮೊನಚಾದ ಕಡ್ಡಿಯಿಂದ ಗೀಚಿದ ಅಕ್ಷರಗಳಿಂದ.

ಬರೆಯಬಾರದೆಂಬ ನಿಯಮ

ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಕೆಲ್ಟಿಕ್ ಭಾಷೆಗಳನ್ನಾಡುವ ಜನರು ಪಶ್ಚಿಮದಲ್ಲಿ ಸ್ಪೇನ್ ಮತ್ತು ಬ್ರಿಟನ್‌ಗಳಿಂದ ಪೂರ್ವದಲ್ಲಿ ಡ್ಯಾನ್ಯೂಬ್ ನದಿಯ ಬಯಲಿನವರೆಗೆ ಹರಡಿದ್ದರು. ಇಂದಿನ ಫ್ರಾನ್ಸ್ ದೇಶವು ಅಂದು ಗಾಲ್ ಎನಿಸಿಕೊಂಡಿತ್ತು. ಅಲ್ಲಿನ ಕೆಲ್ಟಿಕ್ ನುಡಿಯೇ ಗಾಲ್ ಭಾಷೆ. ಐರಿಷ್, ವೆಲ್ಷ್, ಬ್ರೆಟನ್ ಮೊದಲಾದ ಕೆಲ್ಟಿಕ್ ಭಾಷೆಗಳು ಇಂದಿಗೂ ಬದುಕಿವೆ. ಗಾಲ್ ಭಾಷೆ ಮಾತ್ರ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಜನರ ನಾಲಗೆಯಿಂದ ಅಳಿಯಿತು. ಅದರಲ್ಲಿ ರಚಿತವಾದ ಒಂದು ಕಾವ್ಯವಾಗಲಿ ಶಾಸ್ತ್ರಗ್ರಂಥವಾಗಲಿ ಉಳಿದುಬಂದಿಲ್ಲ.

ಇದಕ್ಕೆ ಕಾರಣವು ಅಜ್ಞಾನವಲ್ಲವೆಂಬುದೇ ಗಮನಾರ್ಹ. ಗಾಲ್ ದೇಶವನ್ನು ಗೆದ್ದ ರೋಮನ್ ಸೇನಾನಿ ಜೂಲಿಯಸ್ ಸೀಸರನು ಅಲ್ಲಿನ ಡ್ರೂಯಿಡ್ ಎಂಬ ಪುರೋಹಿತ ವರ್ಗದ ವಿಷಯವನ್ನು ತನ್ನ ಯುದ್ಧವೃತ್ತಾಂತದ ಆರನೆಯ ಭಾಗದಲ್ಲಿ ವಿವರಿಸಿದ್ದಾನೆ. ಅವರ ಶಿಷ್ಯರು ಅಸಂಖ್ಯ ಪದ್ಯಗಳನ್ನು ಕಂಠಪಾಠ ಮಾಡುತ್ತಿದ್ದರು. ಕೆಲವರು ಇಪ್ಪತ್ತು ವರ್ಷಗಳವರೆಗೂ ಅಧ್ಯಯನದಲ್ಲಿರುತ್ತಿದ್ದರು. ತಮ್ಮ ವಿದ್ಯೆಯನ್ನು ಬರಹಕ್ಕಿಳಿಸುವುದು ಅಧರ್ಮವೆಂದು ಅವರು ಭಾವಿಸಿದ್ದರು. ಆದರೆ ಉಳಿದ ಸಾರ್ವಜನಿಕ ಮತ್ತು ಖಾಸಗಿ ವ್ಯವಹಾರಗಳಲ್ಲಿ ಗ್ರೀಕ್ ಲಿಪಿಯನ್ನು ಬಳಸುತ್ತಿದ್ದರು. ವಿದ್ಯೆಯು ಸಾಮಾನ್ಯರ ಕೈಗೆ ಹೋಗಬಾರದು, ಬರಹವನ್ನು ನಂಬಿ ಶಿಷ್ಯರ ಸ್ಮರಣಶಕ್ತಿ ಕುಂದಬಾರದು ಎಂಬ ಎರಡು ಕಾರಣಗಳನ್ನು ಸೀಸರನು ಊಹಿಸುತ್ತಾನೆ.

ಕಂಠಸ್ಥ ವಿದ್ಯೆಯ ಮಹತ್ವವನ್ನು ಬಲ್ಲ ನಮ್ಮ ದೇಶದವರಿಗೆ ಈ ಭಾವನೆ ಅಪರಿಚಿತವೇನಲ್ಲ. ಆದರೆ ಕಂಠಸ್ಥ ವಿದ್ಯೆಗೆ ಗುರುಶಿಷ್ಯರ ಸರಪಳಿ ಕಡಿಯದೆ ಇರಬೇಕು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮನ್ ಚಕ್ರವರ್ತಿಗಳು ಡ್ರೂಯಿಡರನ್ನು ಹತ್ತಿಕ್ಕಿದರು. ತಿಬೇರಿಯಸನು ಈ ಕೆಲಸ ಮಾಡಿದನೆಂದು ಪ್ಲಿನಿಯೂ, ಕ್ಲಾಡಿಯಸನು ಮಾಡಿದನೆಂದು ಸ್ವೆಟೋನಿಯಸನೂ ಬರೆದಿದ್ದಾರೆ. ಸರಪಳಿಯು ಕಡಿಯಿತು, ಇಪ್ಪತ್ತು ವರ್ಷ ಕಲಿತ ಪದ್ಯಗಳೆಲ್ಲವೂ ಕಲಿತವರೊಡನೆಯೇ ಮಣ್ಣಾದವು.

ಹೆಸರುಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಕ್ರಿ.ಪೂ. 58ರಲ್ಲಿ ಹೆಲ್ವೇತಿ ಮೊದಲಾದ ಕುಲಗಳು ತಮ್ಮ ನೆಲವನ್ನು ಬಿಟ್ಟು ಪಶ್ಚಿಮಕ್ಕೆ ವಲಸೆ ಹೊರಟಾಗ ಸೀಸರನು ಅವರನ್ನು ಸೋಲಿಸಿದನು. ಅವರ ಶಿಬಿರದಲ್ಲಿ ಗ್ರೀಕ್ ಲಿಪಿಯ ಪಟ್ಟಿಗಳು ಸಿಕ್ಕವು. ಮನೆಬಿಟ್ಟು ಹೊರಟವರಲ್ಲಿ ಆಯುಧ ಹಿಡಿಯಬಲ್ಲವರು ಯಾರು ಯಾರೆಂದು ಅವುಗಳಲ್ಲಿ ಹೆಸರು ಹೆಸರಾಗಿ ಬರೆದಿತ್ತು; ಮಕ್ಕಳ, ಮುದುಕರ, ಸ್ತ್ರೀಯರ ಲೆಕ್ಕ ಬೇರೆಯಾಗಿತ್ತು. ಸೀಸರನು ಆ ಪಟ್ಟಿಗಳಿಂದ ಎತ್ತಿಕೊಂಡುದು ಸಂಖ್ಯೆಗಳನ್ನು ಮಾತ್ರ. ಹೊರಟವರು ಒಟ್ಟು 3,68,000. ಅವರಲ್ಲಿ ಬೋಯಿ ಕುಲದವರು 32,000. ಮರಳಿ ಮನೆ ಸೇರಿದವರು 1,10,000. ಇಷ್ಟನ್ನು ಬರೆದು ಅವನು ಮುಂದಕ್ಕೆ ಹೋದನು. ಪಟ್ಟಿಗಳು ಹೋದವು, ಹೆಸರುಗಳೂ ಹೋದವು.

ವೆರ್ಕಿಂಗೆತೋರಿಕ್ಸ್, ದುಮ್ನೋರಿಕ್ಸ್ ಮೊದಲಾದ ನಾಯಕರ ಹೆಸರುಗಳೇನೋ ಉಳಿದಿವೆ. ಆದರೆ ಅವು ನಮಗೆ ತಲುಪಿರುವುದು ಮುಖ್ಯವಾಗಿ ಗೆದ್ದವರ ಲೇಖನಿಯಿಂದ. ಸಾಮಾನ್ಯ ಕೆಲ್ಟ್ ಜನರು ತಮ್ಮ ಭಾಷೆಯಲ್ಲಿ ತಮ್ಮ ಕೈಯಿಂದಲೇ ಬರೆದ ಹೆಸರುಗಳನ್ನು ನೋಡಬೇಕಾದರೆ ನಾವು ಒಡೆದ ಮಡಕೆಗಳ ಬಳಿಗೆ ಹೋಗಬೇಕು.

ಬಟ್ಟಲಿನ ಒಡೆಯರು

ಮಡಕೆಯ ಮೇಲಿನ ಗೀಚುಬರಹಗಳಲ್ಲಿ ಎರಡು ಬಗೆಗಳುಂಟು. ಸುಟ್ಟ ಮೇಲೆ ಗೀಚಿದ್ದು ಬಹುಮಟ್ಟಿಗೆ ಒಡೆಯನ ಹೆಸರು. ಅದರ ಗೆರೆಗಳು ಒರಟಾಗಿರುತ್ತವೆ. ಸುಡುವ ಮೊದಲು ಹಸಿಮಣ್ಣಿನ ಮೇಲೆ ಗೀಚಿದ್ದು ಮಾಡಿದವನ ಬರಹ. ಅದರ ಗೆರೆಗಳು ನಯವಾಗಿ ಆಳವಾಗಿರುತ್ತವೆ. ಗೆರೆಯ ಅಂಚನ್ನು ನೋಡಿಯೇ ವಿದ್ವಾಂಸರು ಇವೆರಡನ್ನು ಬೇರ್ಪಡಿಸುತ್ತಾರೆ.

ಕೆಲ್ಟಿಕ್ ಭಾಷೆಯ ಅತ್ಯಂತ ಹಳೆಯ ಬರಹಗಳಲ್ಲೊಂದು ಇಂಥ ಒಡೆಯನ ಹೆಸರೇ ಆಗಿದೆ. ಉತ್ತರ ಇಟಲಿಯಲ್ಲಿ ಮಜ್ಜೋರೆ ಸರೋವರದ ಸಮೀಪದ ಕಾಸ್ತೆಲ್ಲೆತ್ತೋ ತಿಚೀನೋ ಎಂಬಲ್ಲಿ ದೊರೆತ ಕ್ರಿ.ಪೂ. 6ನೆಯ ಶತಮಾನದ ಒಂದು ಮಣ್ಣಿನ ಪಾತ್ರೆಯ ಮೇಲೆ ‘ಖೋಸಿಯೋಯ್ಸೋ’ ಎಂಬ ಒಂದೇ ಶಬ್ದವಿದೆ. ‘ಖೋಸಿಯೋಸನದು’ ಎಂದು ಅದರ ಅರ್ಥ. ನಮ್ಮ ತಂಬಿಗೆಯ ಮೇಲಿನ ಬರಹಕ್ಕೂ ಇದಕ್ಕೂ ಉದ್ದೇಶದಲ್ಲಿ ಏನೂ ಭೇದವಿಲ್ಲ. ಆ ಶಬ್ದದ ಕೊನೆಯಲ್ಲಿರುವ ಷಷ್ಠೀ ಪ್ರತ್ಯಯವು ಸಂಸ್ಕೃತದ ‘ದೇವಸ್ಯ’, ‘ರಾಮಸ್ಯ’ ಎಂಬಲ್ಲಿನ ‘ಅಸ್ಯ’ ಪ್ರತ್ಯಯಕ್ಕೆ ಸಂಬಂಧಿಯೆಂದು ಭಾಷಾಶಾಸ್ತ್ರಜ್ಞರು ವಿವರಿಸುತ್ತಾರೆ. ಹೆಸರು ಹೊರತು ಆ ಮನುಷ್ಯನ ವಿಷಯದಲ್ಲಿ ಬೇರೇನೂ ತಿಳಿಯದು. ಎರಡೂವರೆ ಸಾವಿರ ವರ್ಷಗಳ ಹಿಂದೆ ಒಬ್ಬನು ‘ಈ ಪಾತ್ರೆ ನನ್ನದು’ ಎಂದು ಹೇಳಿದನು. ಆ ಮಾತು ಇಂದಿಗೂ ಕೇಳುತ್ತಿದೆ.

ಅದೇ ಪ್ರದೇಶದ ಒರ್ನವಾಸ್ಸೋ ಎಂಬಲ್ಲಿನ ಸಮಾಧಿಯೊಂದರಲ್ಲಿ ದೊರೆತ ಹೂಜಿಯ ಮೇಲೆ ‘ಲಾತುಮಾರೂಯ್ ಸಾಪ್ಸುತಾಯ್ ಪೆ’ ಎಂದು ಆರಂಭವಾಗುವ ಬರಹವಿದೆ. ‘ಲಾತುಮಾರೋಸನಿಗೂ ಸಾಪ್ಸುತಾಳಿಗೂ ನಾಕ್ಸೋಸ್ ದ್ವೀಪದ ದ್ರಾಕ್ಷಾರಸ’ ಎಂದು ಅದನ್ನು ಅರ್ಥೈಸಲಾಗಿದೆ. ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರಿಗೂ ಸೇರಿ ಒಂದು ಹೂಜಿ. ಇಲ್ಲಿನ ‘ಪೆ’ ಎಂಬುದು ಸಂಸ್ಕೃತದ ‘ಚ’ಕಾರವೇ, ಅದರಂತೆಯೇ ಇದೂ ಶಬ್ದದ ಹಿಂದೆ ಬಂದು ನಿಲ್ಲುತ್ತದೆ. ‘ಮಾರೋಸ್’ ಎಂದರೆ ಹಿರಿದಾದವನು.

ಫ್ರಾನ್ಸಿನ ಬೂರ್ಜ್ ಪಟ್ಟಣದ ಸೆರೋಕೂರ್ ಎಂಬಲ್ಲಿ ದೊರೆತ ಪಾತ್ರೆಯ ಮೇಲೆ ಒಂದು ಪೂರ್ಣ ವಾಕ್ಯವೇ ಇದೆ. ಬುಸ್ಕಿಲ್ಲಾ ಎಂಬ ಹೆಣ್ಣುಮಗಳು ಅಲಿಸಿಯಾ ಎಂಬ ಊರಿನಲ್ಲಿ ಮಾಗಾಲೋಸನಿಗಾಗಿ ಇದನ್ನು ಇರಿಸಿದಳೆಂಬುದು ಅದರ ತಾತ್ಪರ್ಯ. ಮಾಗಾಲೋಸನು ದೇವತೆಯೋ ಮನುಷ್ಯನೋ ಎಂಬ ಚರ್ಚೆಗೆ ಆಸ್ಪದವಿದ್ದರೂ ಕೊಟ್ಟವಳ ಹೆಸರಿನಲ್ಲಿ ಸಂದೇಹವಿಲ್ಲ. ಜರ್ಮನಿಯ ಬವೇರಿಯ ಪ್ರಾಂತದ ಮಾಂಖಿಂಗ್ ಎಂಬಲ್ಲಿನ ಹಳೆಯ ಕೆಲ್ಟ್ ಪಟ್ಟಣದ ಅಗೆತದಲ್ಲಿ ‘ಬೋಯೋಸ್’ ಎಂದು ಗೀಚಿದ ಚೂರೊಂದು ಸಿಕ್ಕಿತು. ‘ಬೋಯಿ ಕುಲದವನು’ ಎಂದರ್ಥ. ಸೀಸರನ ಗ್ರಂಥದಲ್ಲಿ 32,000 ಎಂಬ ಅಂಕಿಯೊಳಗೆ ಅಡಗಿಹೋದ ಕುಲದ ಹೆಸರನ್ನು ಇಲ್ಲಿ ಒಬ್ಬ ಮನುಷ್ಯನು ಹೊತ್ತು ನಿಂತಿದ್ದಾನೆ.

ಆವಿಗೆಯ ಲೆಕ್ಕಪತ್ರ

ಇವೆಲ್ಲವೂ ಬಿಡಿ ಬಿಡಿಯಾದ ಹೆಸರುಗಳಾದವು. ದಕ್ಷಿಣ ಫ್ರಾನ್ಸಿನ ಮಿಯೋ ಪಟ್ಟಣದ ಬಳಿಯ ಲಾ ಗ್ರೋಫೆಸಾಂಕ್ ಎಂಬ ಸ್ಥಳದಲ್ಲಿ ಹೆಸರುಗಳ ಕಣಜವೇ ದೊರೆಯಿತು. ತಾರ್ನ್ ಮತ್ತು ದೂರ್ಬಿ ನದಿಗಳು ಕೂಡುವ ಈ ಸ್ಥಳವನ್ನು ಪ್ರಾಚೀನರು ಕೊಂದಾತೊಮಾಗುಸ್ ಎಂದು ಕರೆಯುತ್ತಿದ್ದರು. ‘ಕೂಡಲ ಸಂತೆ’ ಎಂಬುದು ಆ ಗಾಲ್ ಹೆಸರಿನ ಅರ್ಥ.

ಕ್ರಿ.ಶ. ಒಂದನೆಯ ಶತಮಾನದಲ್ಲಿ ಇಲ್ಲಿ ನೂರಾರು ಕುಂಬಾರರು ಹೊಳೆಯುವ ಕೆಂಪು ಬಟ್ಟಲು ತಟ್ಟೆಗಳನ್ನು ತಯಾರಿಸುತ್ತಿದ್ದರು. ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ತಳಕ್ಕೆ ಇಳಿಯದ ಅತಿ ನಯವಾದ ಕೆನೆಯನ್ನು ಪಾತ್ರೆಗೆ ಲೇಪಿಸಿ, ಉರಿಯ ನಾಲಗೆಯೂ ಹೊಗೆಯೂ ತಾಗದಂತೆ ಬಿಸಿಗಾಳಿಯಿಂದಲೇ ಸುಡುತ್ತಿದ್ದರು. ಚಿತ್ರಗಳುಳ್ಳ ಬಟ್ಟಲುಗಳನ್ನು ಅಚ್ಚಿನಲ್ಲಿ ತೆಗೆಯುತ್ತಿದ್ದರು. ಈ ಸರಕು ಬ್ರಿಟನ್‌ಗೂ ರೈನ್ ನದಿಯ ಸೈನಿಕ ಠಾಣೆಗಳಿಗೂ ಇಟಲಿಗೂ ಹೋಗುತ್ತಿತ್ತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇಯಿ ನಗರದಲ್ಲಿ, ಲಾ ಗ್ರೋಫೆಸಾಂಕಿನ ಸುಮಾರು 90 ಬಟ್ಟಲುಗಳಿದ್ದ ಪೆಟ್ಟಿಗೆಯೊಂದು ಬಿಚ್ಚದ ಸ್ಥಿತಿಯಲ್ಲಿಯೇ 1881ರಲ್ಲಿ ದೊರೆಯಿತು. ಕೊಂಡವನು ಪೆಟ್ಟಿಗೆಯನ್ನು ತೆರೆಯುವಷ್ಟರಲ್ಲಿ ಬೆಟ್ಟವು ಸಿಡಿದಿತ್ತು.

ಇಷ್ಟು ದೊಡ್ಡ ಆವಿಗೆಯನ್ನು ಒಬ್ಬನೇ ತುಂಬಿಸುವುದು ಅಸಾಧ್ಯ. ಹಲವು ಕುಂಬಾರರು ತಮ್ಮ ತಮ್ಮ ಪಾತ್ರೆಗಳನ್ನು ಒಂದೇ ಆವಿಗೆಗೆ ಕೊಡುತ್ತಿದ್ದರು. ಸುಟ್ಟ ಮೇಲೆ ಯಾರದು ಯಾವುದೆಂದು ವಿವಾದ ಬಾರದಂತೆ ಒಂದು ಹಸಿ ತಟ್ಟೆಯ ಮೇಲೆ ಪಟ್ಟಿಯನ್ನು ಗೀಚಿ, ಆ ತಟ್ಟೆಯನ್ನೂ ಉಳಿದವುಗಳೊಡನೆ ಸುಡುತ್ತಿದ್ದರು. ಮೇಲ್ಗಡೆ ಇದು ಎಷ್ಟನೆಯ ಆವಿಗೆ ಎಂಬ ತಲೆಬರಹ. ಕೆಳಗೆ ಸಾಲಾಗಿ ಕುಂಬಾರನ ಹೆಸರು, ಪಾತ್ರೆಯ ಜಾತಿ, ರೋಮನ್ ಅಂಕಿಯಲ್ಲಿ ಸಂಖ್ಯೆ. ಅದೇ ಕುಂಬಾರನ ಬೇರೆ ಪಾತ್ರೆಗಳಿದ್ದರೆ ‘ಏತಿ’ ಎಂದು ಆರಂಭಿಸಿ ಮುಂದುವರಿಸುತ್ತಿದ್ದರು. ‘ಮತ್ತೆ’ ಎಂದು ಆ ಗಾಲ್ ಶಬ್ದದ ಅರ್ಥ. ಒಂದೊಂದು ಪಟ್ಟಿಯ ಮೊತ್ತವು 25,000ದಿಂದ 30,000 ಪಾತ್ರೆಗಳವರೆಗೆ ಹೋಗುತ್ತದೆ.

ಈ ತಟ್ಟೆಗಳನ್ನು ಮೊದಲು ಶ್ರದ್ಧೆಯಿಂದ ಸಂಗ್ರಹಿಸಿ ಓದಿದವನು ಆ ಸೀಮೆಯ ಒಬ್ಬ ಪಾದ್ರಿ, ಫ್ರೆಡೆರಿಕ್ ಎರ್ಮೆ. ಧರ್ಮಕಾರ್ಯದ ಬಿಡುವಿನಲ್ಲಿ ನೆಲವನ್ನು ಅಗೆದು, ಚೂರಿಗೆ ಚೂರನ್ನು ಜೋಡಿಸಿ, 1934ರಲ್ಲಿ ಆತನು ತನ್ನ ಹಿರಿಯ ಗ್ರಂಥವನ್ನು ಪ್ರಕಟಿಸಿದನು. ಅನಂತರ ಪ್ರಾಚೀನ ಲಿಪಿಗಳ ತಜ್ಞ ರೋಬೇರ್ ಮಾರಿಶಾಲನು ಇನ್ನೂರಕ್ಕೂ ಮಿಕ್ಕ ಗೀಚುಬರಹಗಳನ್ನು ಪರಿಷ್ಕರಿಸಿ 1988ರಲ್ಲಿ ಹೊರತಂದನು. ಅವಸರದ ಕೈಬರಹ, ಒಡೆದ ಅಂಚು, ಎರಡು ಭಾಷೆಗಳ ಕಲಬೆರಕೆ ಇವುಗಳ ನಡುವೆ ಒಂದೊಂದು ಹೆಸರನ್ನು ಬಿಡಿಸಲು ಎಷ್ಟು ತಾಳ್ಮೆ ಬೇಕಾಯಿತೆಂಬುದನ್ನು ಹಳೆಯ ಓಲೆಗರಿಗಳನ್ನು ಓದಿದವರು ಸುಲಭವಾಗಿ ಊಹಿಸಬಲ್ಲರು.

ಹೆಸರು ಬದಲಾಗುವ ಹೊತ್ತು

ಆ ಪಟ್ಟಿಗಳ ಕೆಲವು ಹೆಸರುಗಳನ್ನು ನೋಡಿರಿ. ತ್ರಿತೋಸ್ ಎಂಬವನೊಬ್ಬನಿದ್ದಾನೆ, ಅದು ಅಚ್ಚ ಗಾಲ್ ಹೆಸರು, ‘ಮೂರನೆಯವನು’ ಎಂದರ್ಥ. ದೆಪ್ರೋಸಾಗಿ ಎಂಬ ಮತ್ತೊಬ್ಬನಿದ್ದಾನೆ. ಆ ಹೆಸರನ್ನು ‘ಅನ್ನವನ್ನು ಅರಸುವವನು’ ಎಂದು ವಿದ್ವಾಂಸರು ಬಿಡಿಸಿದ್ದಾರೆ. ಇವರ ಪಕ್ಕದಲ್ಲಿಯೇ ಫೆಲಿಕ್ಸ್ ಇದ್ದಾನೆ. ಅದು ಲ್ಯಾಟಿನ್ ಹೆಸರು, ‘ಭಾಗ್ಯವಂತ’. ಸುಮ್ಮಾಕೋಸ್ ಎಂಬುದು ಗ್ರೀಕ್ ಮೂಲದ್ದು, ‘ಯುದ್ಧದಲ್ಲಿ ಜೊತೆಗಾರ’. ಮಾಸುವೇತೋಸ್ ಎಂಬವನ ಹೆಸರಿನ ಎದುರು ಒಂದು ಪಟ್ಟಿಯಲ್ಲಿ 9,500 ಸಣ್ಣ ಬಟ್ಟಲುಗಳ ಲೆಕ್ಕವಿದೆ.

ಈ ಮಾಸುವೇತೋಸನ ಬಳಿ ಸ್ವಲ್ಪ ನಿಲ್ಲೋಣ. ‘ಮಾನ್ಸುವೇತುಸ್’ ಎಂಬುದು ಲ್ಯಾಟಿನ್ನಿನ ಶಬ್ದ. ಸೌಮ್ಯ ಸ್ವಭಾವದವನು ಎಂದರ್ಥ. ಆಡುಮಾತಿನಲ್ಲಿ ಅದರ ನಡುವಿನ ನಕಾರವು ಬಿದ್ದುಹೋಗುತ್ತಿತ್ತು. ಪಟ್ಟಿಯನ್ನು ಬರೆದವನು ಕೇಳಿದಂತೆಯೇ ನಕಾರವಿಲ್ಲದೆ ಬರೆದು, ಕೊನೆಯಲ್ಲಿ ಲ್ಯಾಟಿನ್ನಿನ ‘ಉಸ್’ ಬದಲು ತನ್ನ ಭಾಷೆಯ ‘ಓಸ್’ ಪ್ರತ್ಯಯವನ್ನು ಹಚ್ಚಿದನು. ತಂದೆತಾಯಿಗಳು ಮಗನಿಗೆ ಆಳುವವರ ಭಾಷೆಯ ಹೆಸರನ್ನು ಇಟ್ಟರು. ಓರಗೆಯವರು ಅದನ್ನು ತಮ್ಮ ನುಡಿಗೆ ಒಗ್ಗಿಸಿಕೊಂಡರು. ಒಂದೇ ಹೆಸರಿನಲ್ಲಿ ಎರಡು ಭಾಷೆಗಳ ಕೈಗುರುತು ಕಾಣುತ್ತದೆ.

ಪಾತ್ರೆಗಳ ಹೆಸರುಗಳಲ್ಲಿಯೂ ಗಾಲ್, ಲ್ಯಾಟಿನ್, ಗ್ರೀಕ್ ಎಲ್ಲವೂ ಕೂಡಿವೆ. ಆದರೆ ಎಣಿಕೆ ಮಾತ್ರ ಇನ್ನೂ ತಾಯಿನುಡಿಯಲ್ಲಿದೆ. ಮೊದಲನೆಯ ಆವಿಗೆ ‘ಕಿಂತುಕ್ಸ್’, ಎರಡನೆಯದು ‘ಅಲ್ಲೋಸ್’, ಮೂರನೆಯದು ‘ತ್ರಿತೋಸ್’, ನಾಲ್ಕನೆಯದು ‘ಪೆತುವಾರ್’, ಐದನೆಯದು ‘ಪಿಂಪೆತೋಸ್’, ಆರನೆಯದು ‘ಸುವೆಕ್ಸೋಸ್’, ಏಳನೆಯದು ‘ಸೆಕ್ಸ್ತಾಮೆತೋಸ್’, ಎಂಟನೆಯದು ‘ಓಕ್ಸ್ತುಮೆತೋಸ್’, ಒಂಬತ್ತನೆಯದು ‘ನಾಮೆತ್’, ಹತ್ತನೆಯದು ‘ದೆಕಾಮೆತೋಸ್’. ತೃತೀಯ, ಪಂಚಮ, ಸಪ್ತಮ, ಅಷ್ಟಮ, ನವಮ, ದಶಮ ಎಂಬ ಸಂಸ್ಕೃತ ಶಬ್ದಗಳನ್ನು ಪಕ್ಕದಲ್ಲಿಟ್ಟು ಓದಿದರೆ ಬಂಧುತ್ವವು ತಾನಾಗಿಯೇ ಕಾಣುತ್ತದೆ. 1786ರಲ್ಲಿ ಕಲಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿದವೆಂದು ಸಾರಿದಾಗ ಕೆಲ್ಟಿಕ್ಕನ್ನೂ ಆ ಮನೆತನಕ್ಕೆ ಸೇರಿಸಬಹುದೆಂದು ಸೂಚಿಸಿದ್ದನು. ಕುಂಬಾರರ ತಟ್ಟೆಗಳು ಆ ಸೂಚನೆಗೆ ಸಾಕ್ಷಿ ಹೇಳುತ್ತವೆ. ನಾವು ಪಂಚಮಿ, ದಶಮಿ ಎಂದು ತಿಥಿಯನ್ನು ಎಣಿಸುವ ಶಬ್ದಗಳ ದೂರದ ದಾಯಾದಿಗಳಿಂದ ಆ ಕುಂಬಾರರು ತಮ್ಮ ಆವಿಗೆಗಳನ್ನು ಎಣಿಸುತ್ತಿದ್ದರು.

ವ್ಯಕ್ತಿನಾಮಗಳಲ್ಲಿಯೂ ಇದೇ ನಂಟು. ‘ರಿಕ್ಸ್’ ಎಂಬುದು ನಮ್ಮ ‘ರಾಜ’. ವೆರ್ಕಿಂಗೆತೋರಿಕ್ಸ್ ಎಂದರೆ ವೀರರ ಮಹಾರಾಜ. ‘ಗೆನೋಸ್’ ಎಂಬುದು ಸಂಸ್ಕೃತದ ‘ಜನ್’ ಧಾತುವಿನ ಬಂಧು. ಕಿಂತುಗೇನುಸ್ ಎಂದರೆ ಮೊದಲು ಹುಟ್ಟಿದವನು, ನಮ್ಮ ‘ಅಗ್ರಜ’. ‘ಎಪೋಸ್’ ಎಂದರೆ ಅಶ್ವ. ಪ್ರತಿಯೊಂದು ಹೆಸರೂ ಹೀಗೆ ಒಂದು ಪುಟ್ಟ ನಿಘಂಟು. ಗ್ರಂಥವಿಲ್ಲದ ಗಾಲ್ ಭಾಷೆಯ ಶಬ್ದಸಂಪತ್ತಿನಲ್ಲಿ ಬಹುಭಾಗವನ್ನು ವಿದ್ವಾಂಸರು ಜನರ ಮತ್ತು ಊರುಗಳ ಹೆಸರುಗಳನ್ನು ಬಿಡಿಸಿಯೇ ಪಡೆದಿದ್ದಾರೆ.

ಮಗನಿಗೆ ಫೆಲಿಕ್ಸ್ ಎಂದು ಹೆಸರಿಟ್ಟ ಮಾತ್ರಕ್ಕೆ ಭಾಷೆಯು ಸಾಯಲಿಲ್ಲವೆಂಬುದನ್ನು ಈ ತಟ್ಟೆಗಳು ಸ್ಪಷ್ಟಪಡಿಸುತ್ತವೆ. ಹೆಸರು ಬದಲಾದರೂ ಕೆಲಸದ ಮಾತು, ಎಣಿಕೆಯ ಮಾತು ಉಳಿದಿತ್ತು. ಆದರೆ ವ್ಯವಹಾರವು ಒಂದೊಂದಾಗಿ ಲ್ಯಾಟಿನ್ನಿಗೆ ಜಾರಿತು. ಲಾ ಗ್ರೋಫೆಸಾಂಕಿನ ತಟ್ಟೆಗಳಲ್ಲಿಯೇ ಕೆಲವು ಪೂರ್ಣವಾಗಿ ಲ್ಯಾಟಿನ್ನಿನಲ್ಲಿವೆ. ಮಕ್ಕಳಿಗೆ ಎಣಿಕೆಯನ್ನು ತಾಯಿನುಡಿಯಲ್ಲಿ ಹೇಳಿಕೊಡುವವರು ಕಡಿಮೆಯಾದರು. ಸುಮಾರು 5ನೆಯ ಅಥವಾ 6ನೆಯ ಶತಮಾನದ ಹೊತ್ತಿಗೆ ಭಾಷೆಯೇ ಇಲ್ಲವಾಯಿತು. ಇಂದಿನ ಫ್ರೆಂಚ್ ಭಾಷೆಯಲ್ಲಿ ನೇಗಿಲು, ಓಕ್ ಮರ, ಬಾನಾಡಿ ಹಕ್ಕಿ ಇಂಥವುಗಳನ್ನು ಹೇಳುವ ಕೆಲವು ಗಾಲ್ ಶಬ್ದಗಳು ಮಾತ್ರ ಉಳಿದುಕೊಂಡಿವೆ. ಹೊಲದ ಮತ್ತು ಕಾಡಿನ ಶಬ್ದಗಳು ಗಟ್ಟಿ. ಅವು ಬೇಗನೆ ಸಾಯುವುದಿಲ್ಲ.

ಹೆಸರು ಮೊದಲು, ಸಂಖ್ಯೆ ಅನಂತರ

ಈ ಇತಿಹಾಸದಿಂದ ಗ್ರಹಿಸಬೇಕಾದುದೇನು? ಡ್ರೂಯಿಡರು ತಮ್ಮ ವಿದ್ಯೆಯನ್ನು ಅಮೂಲ್ಯವೆಂದು ಬಗೆದುದರಿಂದಲೇ ಬರೆಯದೆ ಇಟ್ಟರು, ಅದು ಹೋಯಿತು. ಕುಂಬಾರರು ತಮ್ಮ ಲೆಕ್ಕವನ್ನು ಕ್ಷುಲ್ಲಕವೆಂದು ತಿಳಿದು ಒಡೆದ ತಟ್ಟೆಯನ್ನು ತಿಪ್ಪೆಗೆ ಎಸೆದರು, ಅದು ಉಳಿಯಿತು. ಕಂಠಪಾಠವು ಕೀಳೆಂದಾಗಲಿ ಬರಹವೇ ಸರ್ವಸ್ವವೆಂದಾಗಲಿ ಇದರಿಂದ ಸಿದ್ಧವಾಗುವುದಿಲ್ಲ. ಹೆಲ್ವೇತಿ ಜನರ ಪಟ್ಟಿಗಳು ಬರಹದಲ್ಲಿದ್ದೂ ಕಳೆದುಹೋದುವಲ್ಲವೆ? ಅಮೂಲ್ಯವಾದುದನ್ನು ಒಂದೇ ಪಾತ್ರೆಯಲ್ಲಿಡಬಾರದೆಂಬುದಷ್ಟೇ ಇದರ ನೀತಿ. ನಾಲಗೆಯಲ್ಲಿಯೂ ಇರಬೇಕು, ಕಾಗದದಲ್ಲಿಯೂ ಇರಬೇಕು.

ಎರಡನೆಯ ಮಾತು ಇದಕ್ಕಿಂತಲೂ ಮುಖ್ಯವಾದುದು. ಸೀಸರನ ಕೈಗೆ ಹೆಸರುಗಳು ಬಂದಿದ್ದವು. ಅವನು ಸಂಖ್ಯೆಯನ್ನು ಇಟ್ಟುಕೊಂಡು ಹೆಸರುಗಳನ್ನು ಬಿಟ್ಟನು. ಕುಂಬಾರರ ಪಟ್ಟಿಯಲ್ಲಿ ಹೆಸರು ಮೊದಲು ಬರುತ್ತದೆ, ಸಂಖ್ಯೆ ಅನಂತರ. ಇವನು ಇಷ್ಟು ಮಾಡಿದನೆಂಬುದನ್ನು ಮರೆಯಬಾರದೆಂಬ ನ್ಯಾಯಬುದ್ಧಿ ಅಲ್ಲಿದೆ. ಗೆದ್ದವನ ಗ್ರಂಥದಲ್ಲಿ ಲಕ್ಷಗಟ್ಟಲೆ ಜನರು ಅಂಕಿಗಳಾಗಿ ನಿಂತಿರುವಾಗ, ಒಂದು ಒಡೆದ ತಟ್ಟೆಯಲ್ಲಿ ಮಾಸುವೇತೋಸನು ಮನುಷ್ಯನಾಗಿಯೇ ನಿಂತಿದ್ದಾನೆ.

ನಮ್ಮ ಮನೆಗಳಲ್ಲಿ ಮೂರು ತಲೆಮಾರಿನ ಹಿಂದಿನ ಹಿರಿಯರ ಹೆಸರನ್ನು ಕೇಳಿದರೆ ಗಂಡಸರ ಹೆಸರುಗಳನ್ನು ಹೇಗೋ ನೆನಪಿಸಿಕೊಳ್ಳುತ್ತೇವೆ. ಹೆಣ್ಣುಮಕ್ಕಳ ಹೆಸರಿಗೆ ಬಂದಾಗ ‘ದೊಡ್ಡವ್ವ’, ‘ಮುತ್ತಜ್ಜಿ’ ಎಂದು ನಿಂತುಬಿಡುತ್ತೇವೆ. ಆಕೆಗೂ ಒಂದು ಹೆಸರಿತ್ತು. ತೊಟ್ಟಿಲಲ್ಲಿಟ್ಟು ಕರೆದ ಹೆಸರು. ಬುಸ್ಕಿಲ್ಲಾ ಮತ್ತು ಸಾಪ್ಸುತಾ ಎಂಬ ದೂರದೇಶದ ತಾಯಂದಿರ ಹೆಸರುಗಳು ಎರಡು ಸಾವಿರ ವರ್ಷ ದಾಟಿ ಬಂದಿರುವಾಗ, ನಮ್ಮ ಮನೆಯ ತಾಯಿಯ ಹೆಸರು ನೂರು ವರ್ಷವೂ ಉಳಿಯದೆ ಹೋಗುವುದು ಉಚಿತವೆ?

ಆದುದರಿಂದ ಈ ತಿಂಗಳು ಬಿಡುವಾದ ಒಂದು ಸಂಜೆ ಮನೆಯ ಹಿರಿಯರ ಬಳಿ ಕುಳಿತು, ಅವರು ಬಲ್ಲ ಹೆಸರುಗಳನ್ನೆಲ್ಲ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಯಾರು ಯಾವ ಊರಿನಿಂದ ಬಂದವರು, ಯಾವ ಕೆಲಸದಲ್ಲಿ ನಿಪುಣರಾಗಿದ್ದರು ಎಂಬ ಒಂದೊಂದು ಮಾತೂ ಜೊತೆಗಿರಲಿ. ಬರೆದುದನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ಅಟ್ಟದ ಮೇಲಿನ ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕುವ ಮೊದಲು ಅವುಗಳ ಕಂಠವನ್ನೂ ತಳವನ್ನೂ ಒಮ್ಮೆ ಒರೆಸಿ ನೋಡಿರಿ. ಅಲ್ಲಿ ಯಾರದಾದರೂ ಹೆಸರು ಇದ್ದೀತು.